ಮಧ್ಯಾಹ್ನ ಎರಡರಿಂದ ಮೂರು

ಸಿಸ್ಟರು ಹಾಳೆಯನ್ನು ಎತ್ತಿ ಹಿಡಿದು ಬೆಂಚಿನ ಮೇಲೆ ಸಾಲಾಗಿ ಕೂತಿದ್ದ ಬಸುರಿಯರಿಗೆಲ್ಲ ತೋರಿಸಿದಾಗ ಅವಳ ಎರಡೂ ಕಿವಿಗಳು ಬಿಸಿಯಾದವು. “ನೋಡಿ, ಹೀಗೆ ಬರೀಬೇಕು. ಇಪ್ಪತ್ತೊಂದು ದಿನ. ಒಂದು ದಿನಾನೂ ತಪ್ಪಿಸಿಲ್ಲ. ನೀವೆಲ್ಲ ಕೇಳಿದ್ರೆ ಮರೆತೋಯ್ತು ಸಿಸ್ಟರ್, ಹಾಳೆ ಕಳೆದೋಯ್ತು ಸಿಸ್ಟರ್ ಅಂತೀರಿ.” ಬೆಂಚಿನ ಮೇಲಿದ್ದವರು ಹಾಳೆಯನ್ನು ನೋಡದೆ ಅವಳನ್ನು ನೋಡಿದರು. ಪಕ್ಕದಲ್ಲಿದ್ದ ಅತ್ತೆ, ಹೊಗಳಿಕೆ ತಮಗೇ ಸಂದಿತೋ ಎಂಬಂತೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ಅವಳು ನೆಲ ನೋಡಿದಳು. ನೆಲದಲ್ಲಿ ಬಿಳಿ, ಬೂದು, ಬಿಳಿ, ಬೂದು ಚೌಕಗಳು. ಒಂದು ಕಡೆ ಬೂದು ಕಲ್ಲು ಒಡೆದು ಹೋದಲ್ಲಿ ಯಾರೋ ಬಿಳಿಯದನ್ನೇ ಕೂಡಿಸಿದ್ದರು. ಅಷ್ಟು ನಾಚಿಕೆಯ ನಡುವೆಯೂ ಮನಸ್ಸು ಆ ತಪ್ಪು ಚೌಕವನ್ನು ಎತ್ತಿಕೊಂಡು ಹೋಗಿ ಮನೆಯಲ್ಲಿ ಅರ್ಧವಾಗಿ ನಿಂತಿದ್ದ ಕೌದಿಯ ಬಲಮೂಲೆಯಲ್ಲಿಟ್ಟು ನೋಡಿತು. ಚೆನ್ನಾಗಿ ಕಂಡಿತು. ಚೆನ್ನಾಗಿ ಕಂಡಿತಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಹಾಳೆಯಲ್ಲಿ ಬರೆಯಬೇಕಾದದ್ದು ಹೆಚ್ಚೇನಲ್ಲ. ದಿನಕ್ಕೊಂದು ಸಲ, ಊಟವಾದ ಮೇಲೆ, ಎಡ ಮಗ್ಗುಲಿಗೆ ಒಂದು ಗಂಟೆ ಮಲಗಬೇಕು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಗು ಎಷ್ಟು ಸಲ ಮಿಸುಕಾಡಿತು ಎಂದು ಎಣಿಸಿ ಆ ಸಂಖ್ಯೆಯನ್ನು ಬರೆಯಬೇಕು. ಮೊದಲ ಎರಡು ದಿನ ಹಾಗೇ ಮಾಡಿದ್ದಳು. ಉಳಿದ ಹತ್ತೊಂಬತ್ತು ದಿನದ ಸಂಖ್ಯೆಗಳನ್ನು ಹೊಲಿಗೆ ಮೆಷಿನ್ನಿನ ಮುಂದೆ ಕೂತು, ಬಟ್ಟೆಗೆ ಗುರುತು ಹಾಕುವ ಪೆನ್ಸಿಲ್ಲಿನಿಂದಲೇ, ಮನಸ್ಸಿಗೆ ತೋಚಿದಂತೆ ಬರೆದಿದ್ದಳು.

ಆ ಮನೆಯಲ್ಲಿ ಮಧ್ಯಾಹ್ನ ಎರಡರಿಂದ ಮೂರು ಗಂಟೆ ಮಾತ್ರ ಯಾರಿಗೂ ಸೇರದ ಹೊತ್ತು. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿರುತ್ತಾನೆ. ಆರು ವರ್ಷದ ಮಗಳು ಶಾಲೆಯಿಂದ ಬರುವುದು ಮೂರೂವರೆಗೆ; ಬಂದಳೆಂದರೆ ಮನೆಯ ಗೋಡೆಗಳಿಗೂ ಬಿಡುವಿಲ್ಲ, ಅಜ್ಜಿ ಅವಳಿಗಿಟ್ಟ ಹೆಸರೇ ಪಟಾಕಿ. ಅತ್ತೆ ಊಟವಾದೊಡನೆ ಕೋಣೆಯ ಬಾಗಿಲು ಅರ್ಧ ಹಾಕಿಕೊಂಡು ಮಲಗುತ್ತಾರೆ. ಕಾಲು ಊದಿಕೊಂಡಿದೆ, ವಿಶ್ರಾಂತಿ ಬೇಕು ಎಂದು ಡಾಕ್ಟರು ಕಚೇರಿಗೆ ರಜೆ ಹಾಕಿಸಿದಾಗ ಅವಳಿಗೆ ಮೊದಲು ಕಂಡದ್ದು ಈ ಒಂದು ಗಂಟೆ. ಮೂಲೆಯ ಚಿಕ್ಕ ಕೋಣೆಯಲ್ಲಿ, ಇಸ್ತ್ರಿ ಮಾಡದ ಬಟ್ಟೆಗಳ ರಾಶಿಯ ಹಿಂದೆ, ಮೆಷಿನ್ನು ಆರು ವರ್ಷದಿಂದ ಮುಸುಕು ಹಾಕಿಕೊಂಡು ನಿಂತಿತ್ತು. ಮೊದಲ ಮಗು ಹುಟ್ಟುವ ಮುಂಚೆ ಒಂದು ಕೌದಿ ಶುರು ಮಾಡಿದ್ದಳು. ಹಳೆಯ ಪರದೆ, ಸವೆದ ಅಂಗಿ, ಕಚೇರಿಯ ಗೆಳತಿ ಕೊಟ್ಟ ಹೂವಿನ ತುಂಡು. ಎಲ್ಲವನ್ನೂ ಆರು ಮೂಲೆಯಾಗಿ ಕತ್ತರಿಸಿ ಜೋಡಿಸುತ್ತಾ ಹೋದರೆ ಅಂಚು ಮುಗಿಯುವುದೇ ಇಲ್ಲ, ಜೇನುಗೂಡಿನ ಹಾಗೆ. ಆಮೇಲೆ ಮಗಳು ಹುಟ್ಟಿದಳು. ನಾಳೆ, ಬರುವ ವಾರ, ಮಗು ಸ್ವಲ್ಪ ಕೂರುವ ಹಾಗಾಗಲಿ, ನಡೆಯುವ ಹಾಗಾಗಲಿ, ಶಾಲೆಗೆ ಸೇರಲಿ. ಸೂಜಿ ಹಿಡಿಯುತ್ತಿದ್ದ ಬೆರಳಿನ ಗಟ್ಟಿ ಚರ್ಮ ಮೆತ್ತಗಾಗಿ, ಇನ್ನೊಬ್ಬರ ಬೆರಳಿನಂತಾಯಿತು. ಈ ಮಗು ಹುಟ್ಟಿದರೆ ಮತ್ತೆ ಆರು ವರ್ಷ. ಆಗ ತನಗೆ ನಲವತ್ತೊಂದು. ಹುಟ್ಟುವುದರೊಳಗೆ ಮುಗಿಸಬೇಕು. ಅತ್ತೆ ಒಮ್ಮೆ ಹರಡಿ ನೋಡಿ, “ಇದೇನೇ ಇಷ್ಟು ದೊಡ್ಡದು, ಹೆರೋದು ಮಗೂನೋ ಆನೆಮರೀನೋ?” ಎಂದು ನಕ್ಕಿದ್ದರು. ಅವಳೂ ನಕ್ಕಿದ್ದಳು. ಅದು ಮಗುವಿಗಲ್ಲ ಎಂದು ಹೇಳಲು ಬಾಯಿ ಬಂದಿರಲಿಲ್ಲ.

ಮೂರನೆಯ ದಿನ ಅನಿಸಿತ್ತು: ಮಲಗಿ ಎಣಿಸುವುದನ್ನು ಕೂತು ಎಣಿಸಿದರೇನು, ಹೊಲಿಯುತ್ತಲೇ ಎಣಿಸಿದರೇನು, ಹೊಟ್ಟೆ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ. ಆದರೆ ಮೆಷಿನ್ನು ತುಳಿಯತೊಡಗಿದರೆ ಹಲಗೆಯ ಅಂಚು ಹೊಟ್ಟೆಗೆ ತಾಗಿ ಹೊಟ್ಟೆಯೆಲ್ಲ ನಡುಗುತ್ತಿತ್ತು. ಹೊರಗಿನದು ಯಾವುದು, ಒಳಗಿನದು ಯಾವುದು ತಿಳಿಯುತ್ತಿರಲಿಲ್ಲ. ನಾಲ್ಕೋ ಐದೋ ಎನ್ನುವಷ್ಟರಲ್ಲಿ ದಾರ ಕಿತ್ತುಹೋಗುತ್ತಿತ್ತು. ಮೂರು ಗಂಟೆ ಆಗಿಬಿಡುತ್ತಿತ್ತು. ಅವಳು ಹನ್ನೊಂದು ಎಂದು ಬರೆದಳು.

ಸುಳ್ಳು ಸಂಖ್ಯೆ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಕ್ಕಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ಹನ್ನೆರಡು ವರ್ಷದಿಂದ ಅವಳ ಕೆಲಸವೇ ಅದು. ಮನೆಮನೆಗೆ ಹೋಗಿ ಮೀಟರ್ ನೋಡಿ ಬರೆದು ತರುವವರ ಪುಸ್ತಕಗಳನ್ನು ಪರೀಕ್ಷಿಸುವುದು. ಮನೆಯಲ್ಲೇ ಕೂತು ಬರೆದದ್ದು ತುಂಬಾ ಸಮವಾಗಿರುತ್ತದೆ; ಸುಳ್ಳು ಬರೆಯುವವನು ಸೊನ್ನೆಗೆ ಹೆದರುತ್ತಾನೆ, ಒಂದೇ ಸಂಖ್ಯೆಯನ್ನು ಎರಡು ಸಲ ಬರೆಯಲು ಹಿಂಜರಿಯುತ್ತಾನೆ. ಎರಡು ವರ್ಷದ ಹಿಂದೆ ಒಬ್ಬ ಕುಂಟುಕಾಲಿನ ಮೀಟರ್ ರೀಡರನ ಪುಸ್ತಕದಲ್ಲಿ ಸುಳ್ಳು ಹಿಡಿದಿದ್ದಳು. ವಯಸ್ಸಾದ ಮನುಷ್ಯ; ನಾಲ್ಕನೇ ಮಹಡಿಯ ಮನೆಗಳಿಗೆ ಹತ್ತಲಾರದೆ ಅಂದಾಜಿನ ಮೇಲೆ ಬರೆದಿದ್ದ. “ಅಕ್ಕಾ, ಹೆಚ್ಚುಕಮ್ಮಿ ಅಷ್ಟೇ ಇರುತ್ತೆ ಅಕ್ಕಾ” ಎಂದಿದ್ದ. ‘ಹೆಚ್ಚುಕಮ್ಮಿ’ ಎಂಬ ಪದವನ್ನು ಅವಳು ವರದಿಯಲ್ಲಿ ಹಾಗೆಯೇ ಬರೆದು ಮೇಲಿನವರಿಗೆ ಕಳಿಸಿದ್ದಳು. ಈಗ ತನ್ನ ಹಾಳೆ ತುಂಬುವಾಗ ಆ ವಿದ್ಯೆಯೆಲ್ಲ ತಾನಾಗಿ ಕೈಗೆ ಬಂತು. ಹನ್ನೊಂದು, ಹತ್ತು, ಹದಿಮೂರು, ಹತ್ತು, ಹತ್ತು. ಒಂದು ದಿನ ಬೇಕೆಂದೇ ಒಂಬತ್ತು ಬರೆದು ಪಕ್ಕದಲ್ಲಿ ‘ಸ್ವಲ್ಪ ಹೊತ್ತು ಮಲಗಿತ್ತು’ ಎಂದು ಸೇರಿಸಿದಳು. ಸಿಸ್ಟರಿಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಆ ಸಾಲೇ.

ಡಾಕ್ಟರು ಟೇಪನ್ನು ಹೊಟ್ಟೆಯ ಉದ್ದಕ್ಕೆ ಹಿಡಿದು ನೋಡಿ, ಮತ್ತೊಮ್ಮೆ ಹಿಡಿದರು. ಅವಳ ಹೊಲಿಗೆ ಡಬ್ಬಿಯಲ್ಲಿರುವಂಥದೇ ಹಳದಿ ಟೇಪು. ನಲವತ್ತರ ಹೆಂಗಸು, ಮಾತು ಕಡಿಮೆ. “ಸ್ವಲ್ಪ ಕಮ್ಮಿ ಬರ್ತಿದೆಯಲ್ಲ,” ಎಂದರು. “ಮೂವತ್ತನಾಲ್ಕು ವಾರಕ್ಕೆ ಇನ್ನೂ ಎರಡು ಸೆಂಟಿಮೀಟರ್ ಇರಬೇಕಿತ್ತು.” ಆಮೇಲೆ ಎದೆಬಡಿತ ಕೇಳಿಸಿಕೊಂಡರು. ಹಾಳೆಯನ್ನು ತೆಗೆದುಕೊಂಡು ಬೆರಳಿಟ್ಟು ಕೊನೆಯವರೆಗೆ ಓದಿದರು. ಆ ಬೆರಳು ಒಂದೊಂದೇ ಸಾಲು ಇಳಿಯುವುದನ್ನು ಅವಳು ನೋಡುತ್ತಿದ್ದಳು.

“ಮಿಸುಕಾಟ ಚೆನ್ನಾಗಿದೆ. ಇದು ಕಮ್ಮಿ ಇದ್ದಿದ್ರೆ ನಾನು ನಿಮ್ಮನ್ನ ಮನೆಗೆ ಕಳಿಸ್ತಿರಲಿಲ್ಲ. ಬರೋ ವಾರ ಸ್ಕ್ಯಾನ್ ಮಾಡೋಣ.”

ಈಗ ಹೇಳಬೇಕು ಎಂದುಕೊಂಡಳು. ಬಾಯಿ ತೆರೆಯಿತು ಕೂಡ. ಅಷ್ಟರಲ್ಲಿ ಅತ್ತೆ, “ನಮ್ಮ ಸೊಸೆ ಲೆಕ್ಕದಲ್ಲಿ ಪಕ್ಕಾ ಡಾಕ್ಟ್ರೇ, ಆಫೀಸಲ್ಲೂ ಅವಳಿಗೆ ಅದೇ ಕೆಲಸ,” ಎಂದರು. ತೆರೆದ ಬಾಯಿಗೆ ಬೇರೆ ಏನೂ ಒದಗದೆ ಅವಳು ಸಣ್ಣಗೆ ನಕ್ಕಳು. ಹೊರಗೆ ಬಂದಾಗ ಸಿಸ್ಟರು ಹಾಳೆ ಕೇಳಿದರು. “ನಿಮಗೆ ಹೊಸದು ಕೊಡ್ತೀನಿ ತಗೊಳ್ಳಿ. ಇದನ್ನ ಬೋರ್ಡಿಗೆ ಹಾಕ್ತೀನಿ, ನಾಲ್ಕು ಜನ ನೋಡಿ ಕಲೀಲಿ.” ಅವಳು ಕೊಟ್ಟಳು.

ಬಸ್ಸಿನಲ್ಲಿ ಯಾರೋ ಎದ್ದು ಜಾಗ ಬಿಟ್ಟರು. ಅವಳ ಹೊಟ್ಟೆ ನೋಡಿದವರೆಲ್ಲ ಸ್ವಲ್ಪ ಸರಿದು, ಸ್ವಲ್ಪ ನಕ್ಕು, ಏನೋ ದೊಡ್ಡ ಒಳ್ಳೆಯದನ್ನು ಕಂಡವರ ಹಾಗೆ ಮುಖ ಮಾಡುತ್ತಿದ್ದರು. ಅತ್ತೆ ಹಿಂದಿನ ಸೀಟಿನವಳಿಗೆ ಇಪ್ಪತ್ತೊಂದು ದಿನದ ಕಥೆ ಹೇಳತೊಡಗಿದರು. ಎರಡು ಸೆಂಟಿಮೀಟರ್. ಎರಡು ಸೆಂಟಿಮೀಟರ್ ಎಂದರೆ ಹೊಲಿಗೆಗೆ ಬಿಡುವ ಅಂಚಿಗಿಂತಲೂ ಹೆಚ್ಚು. ಕೊನೆಯ ಸಲ ಇದು ಮಿಸುಕಿದ್ದು ಯಾವಾಗ? ಇವತ್ತು ಬೆಳಿಗ್ಗೆ ಹಲ್ಲುಜ್ಜುವಾಗಲೇ? ಅದು ನಿನ್ನೆಯೋ? ಮೊನ್ನೆ ಮಗಳು ಹೊಟ್ಟೆಗೆ ಕಿವಿಯಿಟ್ಟು, “ಅಮ್ಮಾ, ಪಾಪು ಮಾತೇ ಆಡ್ತಿಲ್ಲ, ಕೋಪ ಬಂದಿದೆಯಾ?” ಎಂದು ಕೇಳಿದಾಗ, “ತಲೆ ಎತ್ತು, ಸೆರಗಲ್ಲಿ ಸೂಜಿ ಇದೆ,” ಎಂದಿದ್ದಳು. ಅವಳು ಚೀಲದ ಕೆಳಗೆ ಕೈ ತೂರಿಸಿ ಹೊಟ್ಟೆಯನ್ನು ಒತ್ತಿದಳು. ಬಸ್ಸು ನಡುಗುತ್ತಿತ್ತು. ಎಲ್ಲವೂ ನಡುಗುತ್ತಿತ್ತು.

ಮನೆಗೆ ಬಂದು ಊಟದ ಶಾಸ್ತ್ರ ಮಾಡಿದಳು. ಎರಡು ಗಂಟೆಗೆ ಅತ್ತೆಯ ಬಾಗಿಲು ಅರ್ಧ ಮುಚ್ಚಿತು. ಅವಳು ಎಡಕ್ಕೆ ಮಲಗಿ ಹೊಟ್ಟೆಯ ಮೇಲೆ ಅಂಗೈಯಿಟ್ಟಳು. ಮಲಗಿದಲ್ಲಿಂದ ಚಿಕ್ಕ ಕೋಣೆಯ ಬಾಗಿಲು ಕಾಣುತ್ತಿತ್ತು. ಬಾಗಿಲಿನಾಚೆ ಮೆಷಿನ್ನು, ಸೂಜಿಯ ಕೆಳಗೆ ನಿನ್ನೆ ಬಿಟ್ಟ ಹಸಿರು ತುಂಡು. ಇನ್ನು ಹನ್ನೊಂದು ಸಾಲು ಬಾಕಿ. ಥೂ, ಎಂದುಕೊಂಡು ಕಣ್ಣು ಮುಚ್ಚಿದಳು. ಮುಚ್ಚಿದರೆ ಕುಂಟುಕಾಲಿನ ರೀಡರು ಮೆಟ್ಟಿಲು ಹತ್ತುತ್ತಿದ್ದ. ಎರಡೂಕಾಲಿಗೆ ಏನೋ ಜಾರಿದ ಹಾಗಾಯಿತು, ಒಂದು, ಎಂದಳು. ಅದು ಊಟದ ವಾಯುವೂ ಆಗಿರಬಹುದು. ಎದ್ದು ನೀರು ಕುಡಿದು ಬಂದು ಮತ್ತೆ ಮಲಗಿದಳು. ಹೊಟ್ಟೆಯನ್ನು ತಟ್ಟಿದಳು, ಮೊದಲು ಮೆತ್ತಗೆ, ಆಮೇಲೆ ಬಾಗಿಲು ತಟ್ಟುವ ಹಾಗೆ. “ಏಳು,” ಎಂದಳು. “ಸಾಕು, ಏಳು ಈಗ.” ಮಗಳನ್ನು ಶಾಲೆಗೆ ಎಬ್ಬಿಸುವ ಅದೇ ಸಿಡುಕಿನ ದನಿ ಬಂದಿತ್ತು. ಎರಡೂ ನಲವತ್ತಕ್ಕೆ ಇನ್ನೊಂದು, ತೀರ ಕೆಳಗೆ, ತುಂಬ ದೂರದಲ್ಲಿ ಯಾರೋ ಮಗ್ಗುಲು ಬದಲಿಸಿದ ಹಾಗೆ. ಮೂರು ಗಂಟೆಯಾಯಿತು. ಎರಡು. ಅದರಲ್ಲಿ ಒಂದು ಅನುಮಾನ.

ಹೊಸ ಹಾಳೆ ದಿಂಬಿನ ಪಕ್ಕದಲ್ಲಿತ್ತು. ಈಗ ಹತ್ತು ಎಂದು ಬರೆದರೆ ಯಾರೂ ಏನೂ ಕೇಳುವುದಿಲ್ಲ. ಬರೋ ವಾರ ಸ್ಕ್ಯಾನ್ ಇದ್ದೇ ಇದೆ. ಆ ಯೋಚನೆ ಎಷ್ಟು ಸಲೀಸಾಗಿ ಬಂದು ಪಕ್ಕದಲ್ಲಿ ಕೂತಿತೆಂದರೆ ಅವಳಿಗೆ ಭಯವಾದದ್ದು ಆಗಲೇ. ಮಗುವಿಗಾಗಿ ಅಲ್ಲ, ತನ್ನ ಬಗ್ಗೆಯೇ. ಎದ್ದು ಅತ್ತೆಯ ಬಾಗಿಲು ತಳ್ಳಿದಳು.

ಅತ್ತೆ ಮಲಗಿರಲಿಲ್ಲ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದರು.

“ಏನು, ಇವತ್ತು ಮೆಷಿನ್ ಸದ್ದೇ ಇಲ್ಲ?”

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಅತ್ತೆ, ಆ ಹಾಳೇಲಿ ಇದ್ದದ್ದೆಲ್ಲ ನಾನು ಸುಮ್ಮನೆ ಬರೆದದ್ದು. ಎಣಿಸಿಲ್ಲ. ಈಗ ಎಣಿಸಿದೆ. ಎರಡೇ ಸಲ.”

ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದರು. ಸಿಟ್ಟು ಬರುತ್ತದೆ ಎಂದು ಕಾದಳು, ಬಂದಿದ್ದರೆ ಹಗುರಾಗುತ್ತಿತ್ತು. ಅವರ ಮುಖದಲ್ಲಿ ಬಂದದ್ದು ಬೇರೆ ಏನೋ.

“ನಾನು ಮಲಗ್ತಿರಲಿಲ್ಲ ಕಣೇ,” ಎಂದರು. “ದಿನಾ ಸದ್ದು ಕೇಳ್ತಿತ್ತು. ನಾನು ಎದ್ದರೆ ನೀನು ನಿಲ್ಲಿಸ್ತೀಯ ಅಂತ ಬಾತ್‌ರೂಮಿಗೂ ಹೋಗದೆ ಬಿದ್ಕೋತಿದ್ದೆ. ಕೈಗೂಸು ಬಂದ್ರೆ ಇವಳಿಗೆ ಹೊತ್ತೆಲ್ಲಿ ಸಿಗುತ್ತೆ, ಹೊಲೀಲಿ ಅಂತ. ಎಣಿಸ್ಕೊಂಡೇ ಹೊಲೀತಾಳೆ ಅಂದ್ಕೊಂಡೆ. ಅಂದ್ಕೊಂಡೆ ಅಂತ ಹೇಳ್ತಿದೀನಿ. ನಿಜ ಹೇಳಬೇಕಂದ್ರೆ ಕೇಳೋಕೆ ಹೋಗಲಿಲ್ಲ.” ಅವರು ಚಪ್ಪಲಿಗೆ ಕಾಲಿನಿಂದಲೇ ತಡಕಾಡಿದರು. “ನಡಿ. ನಿಂತ್ಕೋಬೇಡ. ಟ್ಯಾಕ್ಸಿಗೆ ಹೇಳ್ತೀನಿ. ಪಟಾಕೀನ ಅವಳಪ್ಪ ಬಂದು ಕರ್ಕೊಳ್ಳಲಿ.”

ದಾರಿಯುದ್ದಕ್ಕೂ ಅತ್ತೆಯ ಕೈ ಅವಳ ಹೊಟ್ಟೆಯ ಮೇಲಿತ್ತು, ಯಾರನ್ನೂ ಕೇಳದೆ.

ಆಸ್ಪತ್ರೆಯ ಬೆಂಚುಗಳು ಬಹುಪಾಲು ಖಾಲಿಯಾಗಿದ್ದವು. ಬೋರ್ಡಿನ ಮೇಲೆ, ಲಸಿಕೆಯ ಪಟ್ಟಿಯ ಪಕ್ಕದಲ್ಲಿ, ಅವಳ ಹಾಳೆಯನ್ನು ನಾಲ್ಕು ಮೂಲೆಗೂ ಪಿನ್ನು ಚುಚ್ಚಿ ನೀಟಾಗಿ ಹಾಕಿದ್ದರು. ಅದರ ಮುಂದೆ ಒಬ್ಬಳು ಹುಡುಗಿ ನಿಂತಿದ್ದಳು. ಚೊಚ್ಚಲು ಬಸುರಿ, ಇಪ್ಪತ್ತೂ ದಾಟಿರಲಿಲ್ಲವೇನೋ. ತನ್ನ ಖಾಲಿ ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು, ಮೇಲೆ ನೋಡುತ್ತಾ ಕೆಳಗೆ ಬರೆಯುತ್ತಿದ್ದಳು. ಹನ್ನೊಂದು, ಹತ್ತು, ಹದಿಮೂರು. ಅವಳ ಪೆನ್ನು ಆಗಲೇ ಎಂಟನೆಯ ಸಾಲಿಗೆ ಬಂದಿತ್ತು.

“ಅದನ್ನ ಬರೀಬೇಡಿ,” ಎಂದಳು ಅವಳು.

ಹುಡುಗಿ ಬೆಚ್ಚಿ ಹಾಳೆಯನ್ನು ಬೆನ್ನ ಹಿಂದೆ ಮಾಡಿದಳು. “ಇಲ್ಲಕ್ಕಾ, ಸುಮ್ನೆ ನೋಡ್ತಿದ್ದೆ. ಸಿಸ್ಟರ್ ಬೈತಾರೆ ಅಂತ…”

“ಅದು ನನ್ನದೇ ಹಾಳೆ. ಅದರಲ್ಲಿರೋದೆಲ್ಲ ಸುಳ್ಳು. ನಿಮ್ಮದನ್ನ ಖಾಲಿನೇ ಕೊಡಿ. ಬೈದ್ರೆ ಬೈಸ್ಕೊಳ್ಳಿ.”

ಪಿನ್ನುಗಳನ್ನು ಕೀಳಲು ಹೋದರೆ ಉಗುರು ನಿಲ್ಲಲಿಲ್ಲ. ಒಂದು ಮೂಲೆ ಹರಿಯಿತು. ಸದ್ದಿಗೆ ಸಿಸ್ಟರು ಒಳಗಿನಿಂದ ಬಂದರು. ಅವಳು ಹಾಳೆಯನ್ನು ಅವರ ಕೈಗೆ ಕೊಟ್ಟು, ಅತ್ತೆಗೆ ಹೇಳಿದ್ದನ್ನೇ, ಅಷ್ಟೇ ಮಾತುಗಳಲ್ಲಿ ಹೇಳಿದಳು. ಸಿಸ್ಟರು ಕನ್ನಡಕ ತೆಗೆದರು. ಕನ್ನಡಕವಿಲ್ಲದ ಅವರ ಮುಖ ಪೆಟ್ಟು ತಿಂದ ಮಗುವಿನ ಮುಖದಂತೆ ಕಂಡಿತು. “ನಾನು ಎಲ್ಲರ ಮುಂದೆ ತೋರಿಸಿದೆನಲ್ಲ,” ಎಂದರು. ಅಷ್ಟೇ. ಮರುಕ್ಷಣ ಕನ್ನಡಕ ಮೂಗಿಗೇರಿತು, ದನಿ ಬದಲಾಯಿತು: “ಬನ್ನಿ ಒಳಗೆ. ಮಲಗಿ. ಎಡಕ್ಕೆ.”

ಹೊಟ್ಟೆಗೆ ಎರಡು ಪಟ್ಟಿ ಬಿಗಿದರು. ಪಕ್ಕದಲ್ಲಿ ಮಗುವಿನ ಎದೆಬಡಿತ ಬರೆಯುವ ಯಂತ್ರದಿಂದ ಕಾಗದ ಮೆಲ್ಲಗೆ ಹೊರಬರತೊಡಗಿತು. ಕೈಗೊಂದು ಗುಂಡಿ ಕೊಟ್ಟು, ಮಿಸುಕಿದಾಗಲೆಲ್ಲ ಒತ್ತಿ ಎಂದರು. ನಲವತ್ತು ನಿಮಿಷದಲ್ಲಿ ಅವಳು ಒಮ್ಮೆ ಒತ್ತಿದಳು. ಡಾಕ್ಟರು ಬಂದು ಕಾಗದ ನೋಡಿದರು, ಆ ಸಂಜೆಯೇ ಸ್ಕ್ಯಾನ್ ಮಾಡಿಸಿದರು. ಮಗುವಿನ ಸುತ್ತ ಇರಬೇಕಾದ ನೀರು ಕಡಿಮೆಯಾಗಿತ್ತು. ಮಗು ಬೆಳೆಯುವುದು ನಿಂತು ಎಷ್ಟು ದಿನವಾಗಿತ್ತೋ. ಶ್ವಾಸಕೋಶ ಬಲಿಯಲು ಸೂಜಿ ಚುಚ್ಚಿದರು. “ನಾಳೆ ಇನ್ನೊಂದು ಸೂಜಿ, ನಾಡಿದ್ದು ಬೆಳಿಗ್ಗೆ ಆಪರೇಷನ್. ಅಷ್ಟರವರೆಗೂ ತಡೆದರೆ ಒಳ್ಳೇದು. ಇಲ್ಲಾಂದ್ರೆ ಆಗಲೇ,” ಎಂದರು ಡಾಕ್ಟರು. ಅವಳನ್ನು ಬೈಯಲಿಲ್ಲ. ಯಾರೂ ಬೈಯುವುದಿಲ್ಲವಲ್ಲ ಎಂದು ಅವಳಿಗೆ ಉಸಿರು ಕಟ್ಟತೊಡಗಿತು.

ಮರುದಿನ ಮಧ್ಯಾಹ್ನ ಗಂಡ ಬಂದು ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತ. ಅವನ ಉಗುರ ಸಂದಿಯಲ್ಲಿ ಗಾಜಿನ ಬಿಳಿ ಪುಡಿ ಇತ್ತು. ಅತ್ತೆ ಗೋಡೆಗೆ ಒರಗಿ ನಿಂತಿದ್ದರು. ಅವನು ಅವಳ ಕೈ ಹಿಡಿದುಕೊಂಡು, ಮೃದುವಾಗಿ, ಮುಂಚೆಯೇ ಯೋಚಿಸಿಟ್ಟುಕೊಂಡವನ ಹಾಗೆ ಹೇಳಿದ:

“ನೀನು ಏನೂ ತಲೆಗೆ ಹಚ್ಕೋಬೇಡ. ಇವತ್ತೇ ಆ ಮೆಷಿನ್‌ನ ಅಕ್ಕನ ಮನೆಗೆ ಕಳಿಸಿಬಿಡ್ತೀನಿ. ಎಲ್ಲಾ ಆಗಿದ್ದು ಅದರಿಂದ. ಕಣ್ಣಮುಂದೆ ಇದ್ರೆ ತಾನೆ.”

ಹೂಂ ಅಂದರೆ ಮುಗಿಯುತ್ತಿತ್ತು. ಮೆಷಿನ್ನು ಹೋಗುತ್ತಿತ್ತು, ಅದರ ಬೆನ್ನ ಮೇಲೆ ತಪ್ಪೂ ಹೋಗುತ್ತಿತ್ತು. ಮುಂದೆ ನೆಂಟರ ಮುಂದೆ ‘ಆ ಹಾಳು ಮೆಷಿನ್ನಿಂದ’ ಎಂದು ಎಲ್ಲರೂ ಸೇರಿ ಹೇಳಬಹುದಾದ ಒಂದು ಕಥೆಯಾಗುತ್ತಿತ್ತು. ಅವನ ಕಣ್ಣಿನಲ್ಲಿ ಅವಳು ಹೂಂ ಅನ್ನಲಿ ಎಂಬ ಬೇಡಿಕೆಯೇ ಇತ್ತು.

“ಬೇಡ,” ಎಂದಳು. “ಮೆಷಿನ್ ಏನೂ ಬರೀಲಿಲ್ಲ. ಬರೆದದ್ದು ನಾನು.”

“ಈಗಲೂ ಹೊಲೀಬೇಕು ಅನ್ಸುತ್ತಾ ನಿನಗೆ?”

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. “ಅನ್ಸುತ್ತೆ.”

ಅವನು ಕೈ ಬಿಟ್ಟ. “ಒಂದು ಗಂಟೆ ಬೇಕು ಅಂತ ಕೇಳಿದ್ದಿದ್ರೆ ನಾನು ಕೊಡ್ತಿರಲಿಲ್ವಾ?”

“ಕೊಡ್ತಿದ್ರಿ. ಕೊಟ್ಟಿದೀನಿ ಅಂತ ನೆನಪಿಟ್ಕೋತಾನೂ ಇದ್ರಿ. ಅದಕ್ಕೇ ಕದ್ದೆ. ನಿಮ್ಮ ಹತ್ರ ಕದಿಯೋಕೆ ಆಗಲಿಲ್ಲ, ಈ ಮಗೂ ಹತ್ರ ಕದ್ದೆ.”

ಗಂಡನ ಮುಖ ಕೆಂಪಾಯಿತು. ಎದ್ದು ನಿಂತ. ಗೋಡೆಯ ಕಡೆಯಿಂದ ಅತ್ತೆ, “ಬೈಯೋದಾದ್ರೆ ಇಬ್ಬರಿಗೂ ಸೇರಿಸಿ ಬೈಯಪ್ಪ,” ಎಂದರು. “ನನಗೂ ಸದ್ದು ಕೇಳ್ತಿತ್ತು. ನಾನೂ ಒಳಗೇ ಇದ್ದೆ.” ಅವನು ಇಬ್ಬರನ್ನೂ ನೋಡಿ, ಹೊರಗೆ ಹೋದ. ಹತ್ತು ನಿಮಿಷ ಬಿಟ್ಟು ಮೂರು ಲೋಟ ಕಾಫಿ ಹಿಡಿದುಕೊಂಡು ಬಂದ. ಅವಳ ಲೋಟವನ್ನು ಕೈಗೆ ಕೊಡದೆ ಪಕ್ಕದ ಮೇಜಿನ ಮೇಲಿಟ್ಟ. ಅವನ ಕೋಪ ಹಾಗೇ ಇತ್ತು. ಅವಳಿಗೆ ಎರಡು ದಿನದಲ್ಲಿ ಮೊದಲ ಸಲ ಸರಿಯಾಗಿ ಉಸಿರಾಡಿದಂತಾಯಿತು.

ಮಗು ಗಂಡು. ಎರಡು ಕಿಲೋಗೆ ಇನ್ನೂ ಕಾಲು ಕಿಲೋ ಕಮ್ಮಿ. ಅತ್ತಿತು, ಬೆಕ್ಕಿನ ಮರಿ ಅತ್ತ ಹಾಗೆ, ಎಂದು ಅತ್ತೆ ಹೇಳಿದರು, ಅವಳಿಗೆ ಕೇಳಿಸಿರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಮೂರನೆಯ ದಿನ ನಡೆದುಹೋಗಿ ನೋಡಿದಾಗ ಮೂಗಿನ ನಳಿಕೆಯ ಆಚೆ ಕಾಣುತ್ತಿದ್ದದ್ದು ಹಣೆಯ ಸುಕ್ಕು ಮಾತ್ರ, ಯಾವುದೋ ಹಳೆಯ ಪುಸ್ತಕ ಪರೀಕ್ಷಿಸುತ್ತಿರುವ ಗುಮಾಸ್ತನ ಹಾಗೆ. ಬದುಕುತ್ತದೆ ಎಂದರು. ತೂಕ ಬರಲು ತಿಂಗಳಾಗಬಹುದು ಎಂದರು. ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು. ನಾದಿನಿ ಹೇಳಿದಳು, ಕಚೇರಿಯ ಗೆಳತಿ ಹೇಳಿದಳು, ಕಸ ಗುಡಿಸುವ ಹೆಂಗಸೂ ಪೊರಕೆ ನಿಲ್ಲಿಸಿ ಹೇಳಿದಳು: ಸರಿಯಾದ ಹೊತ್ತಿಗೆ ಬಂದೆ ಬಿಡು, ತಾಯಿ ಜೀವಕ್ಕೆ ಗೊತ್ತಾಗುತ್ತೆ. ಪ್ರತಿ ಸಲವೂ ಅವಳ ಕಿವಿ ಬಿಸಿಯಾಗುತ್ತಿತ್ತು. ಇಲ್ಲ ಎನ್ನಲು ಹೊರಟರೆ ಅವರು ಅವಳ ತಲೆ ಸವರುತ್ತಿದ್ದರು.

ಐದನೆಯ ದಿನ ಬೆಳಿಗ್ಗೆ ಡಾಕ್ಟರು ಒಬ್ಬರೇ ರೌಂಡ್ಸಿಗೆ ಬಂದರು. ಹೊಲಿಗೆ ನೋಡಿದರು, ನೀಟಾಗಿ ಕೂಡ್ತಿದೆ ಎಂದರು. ಅವರು ಮಂಚದ ಕಾಲಬಳಿಯ ಕಾಗದದಲ್ಲಿ ಬರೆಯುತ್ತಿದ್ದಾಗ ಅವಳು ಕೇಳಿದಳು:

“ಡಾಕ್ಟ್ರೇ, ಸರಿಯಾದ ಹೊತ್ತಿಗೆ ಬಂದೆ ಅಂತ ಎಲ್ಲಾರೂ ಹೇಳ್ತಿದಾರೆ. ಹೌದಾ?”

ಡಾಕ್ಟರು ತಲೆ ಎತ್ತಿದರು. ಸುಮ್ಮನೆ ಸಮಾಧಾನ ಹೇಳಿ ಮುಂದಿನ ಮಂಚಕ್ಕೆ ಹೋಗಬಹುದಿತ್ತು. ಅಲ್ಲಿ ಯಾರೋ ಕರೆಯುತ್ತಲೂ ಇದ್ದರು.

“ಇಲ್ಲ,” ಎಂದರು. “ನೀವು ಎಣಿಸಿದ್ದಿದ್ರೆ ಹತ್ತು ದಿನ ಮುಂಚೆನೇ ಗೊತ್ತಾಗ್ತಿತ್ತು. ತಡವಾಗಿ ಬಂದ್ರಿ.”

ಅವಳು ತಲೆಯಾಡಿಸಿದಳು. ಎದೆಯಲ್ಲಿ ಐದು ದಿನದಿಂದ ನಿಂತೇ ಇದ್ದ ಏನೋ ಒಂದು ಕಾಲು ಮಡಚಿ ಕೂತಿತು.

“ಹಾಲು ಹಿಂಡಿ ಕಳಿಸಿದ್ರಾ ಬೆಳಿಗ್ಗೆ?” ಡಾಕ್ಟರು ಮತ್ತೆ ಪೆನ್ನು ಹಿಡಿದಿದ್ದರು.

“ಕಳಿಸಿದೆ.”

“ಎಷ್ಟು?”

“ಆರು ಎಂ.ಎಲ್,” ಎಂದಳು. ಆಮೇಲೆ, ಪೆನ್ನು ಕಾಗದಕ್ಕೆ ತಾಗುವ ಮೊದಲು, “ಇಲ್ಲ. ಐದು. ಆರಾಗಿರಲಿಲ್ಲ,” ಎಂದಳು.

ಡಾಕ್ಟರು ಐದು ಎಂದು ಬರೆದುಕೊಂಡರು.